ಹುಸಿ ವೋಲ್ಟೇಜ್

ವಿದ್ಯುತ್ ಮೂಲದಿಂದ ಬಿಡಿಸಿದ್ದರೂ ಚಾಲೂ ಇರುವ ಇನ್ನೊಂದು ತಂತಿಯ ಪಕ್ಕದಲ್ಲೇ ಹಾದುಹೋಗುವ ತಂತಿಯ ಮೇಲೆ, ಹೆಚ್ಚಿನ ಒಳರೋಧವುಳ್ಳ ಮೀಟರು ತೋರಿಸುವ ಮತ್ತು ಸಣ್ಣ ಹೊರೆ ಹಾಕಿದೊಡನೆ ಕುಸಿಯುವ ವೋಲ್ಟೇಜನ್ನು ಹುಸಿ ವೋಲ್ಟೇಜ್ ಎನ್ನುತ್ತಾರೆ. ಫ್ಯಾಂಟಮ್ ವೋಲ್ಟೇಜ್, ಗೋಸ್ಟ್ ವೋಲ್ಟೇಜ್ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಭಾರತದ 230 ವೋಲ್ಟ್, 50 ಹರ್ಟ್ಸ್ ಮನೆ ವೈರಿಂಗಿನಲ್ಲಿ ಇದು ಕೆಲವೇ ವೋಲ್ಟಿನಿಂದ ಹಿಡಿದು ನೂರೈವತ್ತರ ಆಚೆಗೂ ಕಾಣಿಸಿಕೊಳ್ಳಬಹುದು. ಎಂಸಿಬಿ ಇಳಿಸಿದ ಮೇಲೂ ಮೀಟರು 90 ಅಥವಾ 110 ವೋಲ್ಟ್ ತೋರಿಸುವುದಕ್ಕೆ ಬಹಳ ಸಲ ಇದೇ ಕಾರಣ. ಇಲ್ಲಿ ಮೀಟರು ತಪ್ಪು ಹೇಳುತ್ತಿರುವುದಿಲ್ಲ. ತಂತಿಯ ಮೇಲೆ ಅಷ್ಟು ವೋಲ್ಟೇಜ್ ನಿಜವಾಗಿಯೂ ಇರುತ್ತದೆ. ಅದರ ಹಿಂದೆ ಎಷ್ಟು ಕರೆಂಟ್ ಕೊಡುವ ಶಕ್ತಿ ಇದೆ ಎಂಬುದನ್ನು ಮಾತ್ರ ಅಂಕಿ ಹೇಳುವುದಿಲ್ಲ.

ಪರಿಭಾಷೆ

ಯಾವ ತುದಿಯಲ್ಲೂ ಫೇಸ್, ನ್ಯೂಟ್ರಲ್ ಅಥವಾ ಅರ್ತಿಗೆ ಸೇರದ ತಂತಿಯನ್ನು ಈ ಲೇಖನದಲ್ಲಿ ತೇಲುವ ತಂತಿ ಎಂದು ಕರೆದಿದೆ. ಎರಡು ವಾಹಕಗಳ ನಡುವೆ ಇನ್ಸುಲೇಷನ್ ಇದ್ದಾಗ ಅವು ವಿದ್ಯುದಾವೇಶವನ್ನು ಹಿಡಿದಿಡುವ ಗುಣ ಧಾರಕತೆ, ಅಂದರೆ ಕೆಪಾಸಿಟೆನ್ಸ್. ಧಾರಕತೆಯು ಎಸಿ ಪ್ರವಾಹಕ್ಕೆ ಒಡ್ಡುವ ತಡೆಯೇ ರಿಯಾಕ್ಟೆನ್ಸ್. ಮೀಟರಿನ ಎರಡು ಪ್ರೋಬುಗಳ ನಡುವೆ ಮೀಟರಿನೊಳಗೇ ಇರುವ ರೋಧವನ್ನು ಒಳರೋಧ ಎಂದಿದೆ.

ಹುಸಿ ವೋಲ್ಟೇಜನ್ನು ಬೇರೆ ಎರಡು ಸಂಗತಿಗಳೊಂದಿಗೆ ಬೆರೆಸಬಾರದು. ನ್ಯೂಟ್ರಲ್ ತಂತಿಯಲ್ಲಿ ಹರಿಯುವ ಪ್ರವಾಹದಿಂದ ನ್ಯೂಟ್ರಲ್ ಮತ್ತು ನೆಲದ ನಡುವೆ ಹುಟ್ಟುವ ವೋಲ್ಟೇಜಿಗೆ ಸ್ಟ್ರೇ ವೋಲ್ಟೇಜ್ ಎನ್ನುತ್ತಾರೆ. ಡೈರಿ ಕೊಟ್ಟಿಗೆಗಳಲ್ಲಿ ಹಸುಗಳಿಗೆ ಜುಮ್ಮೆನಿಸುವುದು ಇದು. ಬಿಡಿಸಿದ ಸರ್ಕ್ಯೂಟಿಗೆ ಇನ್ನೊಂದು ದಾರಿಯಿಂದ ನಿಜವಾದ ಕರೆಂಟ್ ಬರುವುದು ಬ್ಯಾಕ್‌ಫೀಡ್. ಎಲೆಕ್ಟ್ರಿಷಿಯನ್ನರು ‘ರಿಟರ್ನ್ ಬರ್ತಿದೆ’ ಎನ್ನುವಾಗ ಕೆಲವೊಮ್ಮೆ ಹುಸಿ ವೋಲ್ಟೇಜನ್ನೂ ಕೆಲವೊಮ್ಮೆ ಬ್ಯಾಕ್‌ಫೀಡನ್ನೂ ಸೂಚಿಸುತ್ತಾರೆ. ಮೊದಲನೆಯದು ಗೊಂದಲ, ಎರಡನೆಯದು ಜೀವಕ್ಕೆ ಅಪಾಯ.

ಹಿನ್ನೆಲೆ

ಇನ್ಸುಲೇಷನ್ ಹೊದಿಸಿದ ಉದ್ದನೆಯ ತಂತಿ ತಾನೇ ಒಂದು ಕೆಪಾಸಿಟರ್ ಆಗುತ್ತದೆ ಎಂಬುದು ತಂತಿ ಸಂದೇಶದ ಕಾಲದಲ್ಲೇ ತಿಳಿದುಬಂದ ವಿಷಯ. ಗಟಾಪರ್ಚಾ ಹೊದಿಕೆಯ ತಾಮ್ರದ ತಂತಿಯನ್ನು ನೀರಿನಲ್ಲಿ ಮುಳುಗಿಸಿದಾಗ ಅದು ಲೇಡನ್ ಜಾಡಿಯಂತೆ ಆವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಮೈಕೆಲ್ ಫ್ಯಾರಡೆ 1854ರಲ್ಲಿ ವಿವರಿಸಿದರು. ಸಮುದ್ರದಡಿಯ ಕೇಬಲ್ಲುಗಳಲ್ಲಿ ಸಂದೇಶ ನಿಧಾನವಾಗುವುದಕ್ಕೆ ಕಾರಣ ಇದೇ ಆಗಿತ್ತು.

ವಿದ್ಯಮಾನ ಹಳೆಯದಾದರೂ ರಿಪೇರಿ ಕೆಲಸದಲ್ಲಿ ಅದು ತೊಡಕಾದದ್ದು ಮೀಟರುಗಳು ಬದಲಾದ ಮೇಲೆ. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿದ ಎವೋಮೀಟರ್ 1923ರಲ್ಲಿ ಮಾರುಕಟ್ಟೆಗೆ ಬಂತು. ಅಂಥ ಮುಳ್ಳಿನ ಮೀಟರುಗಳಲ್ಲಿ ಮುಳ್ಳನ್ನು ಆಡಿಸುವ ಶಕ್ತಿ ಅಳೆಯುವ ಸರ್ಕ್ಯೂಟಿನಿಂದಲೇ ಬರಬೇಕು. ಆದ್ದರಿಂದ ಅವುಗಳ ಒಳರೋಧವನ್ನು ‘ವೋಲ್ಟಿಗೆ ಇಷ್ಟು ಓಮ್’ ಎಂದು ಹೇಳುವ ರೂಢಿಯಾಯಿತು. ಎಸಿ ಅಳತೆಯಲ್ಲಿ ವೋಲ್ಟಿಗೆ 5,000 ಓಮ್ ಇರುವ ಮೀಟರನ್ನು 250 ವೋಲ್ಟ್ ರೇಂಜಿಗೆ ತಿರುಗಿಸಿದರೆ ಒಳರೋಧ 12.5 ಲಕ್ಷ ಓಮ್, ಅಂದರೆ 1.25 ಮೆಗಾಓಮ್. ವೋಲ್ಟಿಗೆ 1,000 ಓಮ್ ಇರುವ ಮೀಟರುಗಳಲ್ಲಿ ಅದು ಇನ್ನೂ ಕಡಿಮೆ. ಅಳೆಯಲು ಇಟ್ಟ ಮೀಟರೇ ಹೊರೆಯಾಗಿ ಹುಸಿ ವೋಲ್ಟೇಜನ್ನು ಬಹುಮಟ್ಟಿಗೆ ತಗ್ಗಿಸಿಬಿಡುತ್ತಿತ್ತು. ರೇಡಿಯೋ ರಿಪೇರಿಗೆ ಬಂದ ವ್ಯಾಕ್ಯೂಮ್ ಟ್ಯೂಬ್ ವೋಲ್ಟ್‌ಮೀಟರುಗಳ ಒಳರೋಧ ಹೆಚ್ಚೇ ಇತ್ತು, ಆದರೆ ಅವನ್ನು ಮನೆ ವೈರಿಂಗಿಗೆ ಯಾರೂ ಒಯ್ಯುತ್ತಿರಲಿಲ್ಲ. 1970ರ ದಶಕದ ಕೊನೆಯಿಂದ ಕೈಯಲ್ಲಿ ಹಿಡಿಯುವ ಡಿಜಿಟಲ್ ಮಲ್ಟಿಮೀಟರುಗಳು ಹರಡಿದವು. ಅವುಗಳ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಸರ್ಕ್ಯೂಟನ್ನು ಕದಡದೆ ಅಳೆಯಲು ಬೇಕಾದ ಈ ಗುಣವೇ ಗೋಡೆಯೊಳಗಿನ ತಂತಿಯನ್ನು ಅಳೆಯುವಾಗ ದಾರಿ ತಪ್ಪಿಸುತ್ತದೆ.

ಉಂಟಾಗುವ ಬಗೆ

ಒಂದೇ ಪೈಪಿನಲ್ಲಿ ಮೂರು ತಂತಿಗಳಿವೆ ಎಂದುಕೊಳ್ಳಬೇಕು: ಚಾಲೂ ಇರುವ ಫೇಸ್, ನ್ಯೂಟ್ರಲ್, ಮತ್ತು ಎರಡೂ ತುದಿ ಬಿಚ್ಚಿದ ಮೂರನೆಯದು. ಫೇಸಿಗೂ ಮೂರನೆಯ ತಂತಿಗೂ ನಡುವೆ ಒಂದು ಧಾರಕತೆ ಇದೆ. ಮೂರನೆಯ ತಂತಿಗೂ ನ್ಯೂಟ್ರಲಿಗೂ (ಅರ್ತ್ ತಂತಿ, ತೇವದ ಗೋಡೆ ಇದ್ದರೆ ಅವಕ್ಕೂ) ನಡುವೆ ಇನ್ನೊಂದು. ಎರಡು ಕೆಪಾಸಿಟರುಗಳನ್ನು ಸರಣಿಯಲ್ಲಿ ಜೋಡಿಸಿ 230 ವೋಲ್ಟಿಗೆ ಕಟ್ಟಿದಂತಾಯಿತು. ತೇಲುವ ತಂತಿ ಅವುಗಳ ನಡುವಣ ಬಿಂದು. ಎರಡೂ ಸಮವಾದರೆ ಅಲ್ಲಿ ಅರ್ಧ, ಅಂದರೆ 115 ವೋಲ್ಟ್ ನಿಲ್ಲುತ್ತದೆ. ತೇಲುವ ತಂತಿ ಫೇಸಿಗೆ ಅಂಟಿಕೊಂಡು ನ್ಯೂಟ್ರಲ್, ಅರ್ತುಗಳಿಂದ ದೂರವಿದ್ದರೆ ಪಾಲು ಹೆಚ್ಚುತ್ತದೆ, ತಿರುಗುಮುರುಗಾದರೆ ತಗ್ಗುತ್ತದೆ.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಪಿವಿಸಿ ತಂತಿಗಳ ನಡುವಣ ಧಾರಕತೆ ಮೀಟರಿಗೆ ಹಲವು ಹತ್ತು ಪಿಕೋಫ್ಯಾರಡ್‌ಗಳ ಮಟ್ಟದ್ದು. 50 ಪಿಕೋಫ್ಯಾರಡ್ ಎಂದು ಹಿಡಿದರೆ 20 ಮೀಟರ್ ಓಟದಲ್ಲಿ 1 ನ್ಯಾನೋಫ್ಯಾರಡ್ ಆಗುತ್ತದೆ. 50 ಹರ್ಟ್ಸಿನಲ್ಲಿ ಅದರ ರಿಯಾಕ್ಟೆನ್ಸ್ ಸುಮಾರು 3.18 ಮೆಗಾಓಮ್. ಎರಡೂ ಬದಿಯಲ್ಲಿ ಇಷ್ಟೇ ಧಾರಕತೆ ಇದ್ದರೆ, ತೇಲುವ ತಂತಿ 115 ವೋಲ್ಟಿನ, 1.59 ಮೆಗಾಓಮ್ ಒಳತಡೆಯುಳ್ಳ ಒಂದು ಮೂಲದಂತೆ ವರ್ತಿಸುತ್ತದೆ. ಅದಕ್ಕೆ 10 ಮೆಗಾಓಮಿನ ಡಿಜಿಟಲ್ ಮೀಟರು ಹಚ್ಚಿದರೆ ಸುಮಾರು 114 ವೋಲ್ಟ್ ತೋರುತ್ತದೆ. 1.25 ಮೆಗಾಓಮಿನ ಮುಳ್ಳಿನ ಮೀಟರು ಸುಮಾರು 71 ವೋಲ್ಟ್ ತೋರುತ್ತದೆ. (ರೋಧ ಮತ್ತು ರಿಯಾಕ್ಟೆನ್ಸ್ ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ, ಅದಕ್ಕೇ ಈ ಅಂಕಿಗಳು ಸರಳ ಭಾಗಾಕಾರಕ್ಕೆ ಸಿಗುವುದಿಲ್ಲ.) 3 ಕಿಲೋಓಮ್ ಒಳರೋಧದ ಮೀಟರಿನಲ್ಲಾದರೋ ಬರುವುದು ಬರೀ 0.2 ವೋಲ್ಟ್. ಅಳೆದದ್ದು ಒಂದೇ ತಂತಿ, ಬಂದದ್ದು ಮೂರು ಉತ್ತರ.

ಕೊಳವೆಬಾವಿಯಲ್ಲಿ ನೀರು ಎಷ್ಟು ಮೇಲೆ ನಿಂತಿದ್ದರೂ ಇಳುವರಿ ಇಲ್ಲದಿದ್ದರೆ ಮೋಟಾರು ಹಾಕಿದ ಗಳಿಗೆಯಲ್ಲೇ ಮಟ್ಟ ಪಾತಾಳಕ್ಕಿಳಿಯುವಂತೆ, ಇಲ್ಲಿಯೂ ವೋಲ್ಟೇಜಿನ ಎತ್ತರವೇ ಬೇರೆ, ಪೂರೈಕೆಯ ಬಲವೇ ಬೇರೆ. ಮೇಲಿನ ಉದಾಹರಣೆಯ ತಂತಿಯಿಂದ ಎಷ್ಟು ಎಳೆದರೂ ಸಿಗುವ ಗರಿಷ್ಠ ಪ್ರವಾಹ 72 ಮೈಕ್ರೋಆಂಪ್. ಮನುಷ್ಯನಿಗೆ ಎಸಿ ಕರೆಂಟ್ ಅರಿವಿಗೆ ಬರುವುದೇ ಸುಮಾರು ಅರ್ಧ ಮಿಲಿಆಂಪಿನಿಂದ. ಇದು ಅದರ ಏಳನೇ ಒಂದು ಭಾಗ.

ಉದ್ದದ ಪಾತ್ರ ಇಲ್ಲಿ ಹೆಚ್ಚಾಗಿ ತಪ್ಪು ತಿಳಿವಳಿಕೆಗೆ ಒಳಗಾಗುತ್ತದೆ. ತಂತಿ ಉದ್ದವಾದಷ್ಟೂ ಎರಡು ಧಾರಕತೆಗಳೂ ಒಂದೇ ಪ್ರಮಾಣದಲ್ಲಿ ಬೆಳೆಯುವುದರಿಂದ ತೆರೆದ ತಂತಿಯ ವೋಲ್ಟೇಜ್ ಬದಲಾಗುವುದಿಲ್ಲ, ಒಳತಡೆ ಮಾತ್ರ ಇಳಿಯುತ್ತದೆ. ಎರಡೇ ಮೀಟರಿನ ತುಂಡಿನ ಮೇಲೆ ಡಿಜಿಟಲ್ ಮೀಟರು ಸುಮಾರು 61 ವೋಲ್ಟ್ ತೋರಿಸಿದರೆ ಮುಳ್ಳಿನ ಮೀಟರು 9 ವೋಲ್ಟ್ ತೋರಿಸೀತು. ಇತ್ತ ಒಂದು ಕಿಲೋಮೀಟರ್ ಜೋಡಿಯಾಗಿ ಓಡುವ ಕೇಬಲ್ಲಿನಲ್ಲಿ ಸಿಗುವ ಪ್ರವಾಹ 3.6 ಮಿಲಿಆಂಪಿಗೆ ಏರುತ್ತದೆ. ಅದು ಮುಟ್ಟಿದರೆ ಗೊತ್ತಾಗುವ ಶಾಕ್. ಹುಸಿ ಎಂಬ ವಿಶೇಷಣ ಮನೆಯಳತೆಯ ತಂತಿಗಳಿಗೆ ಮಾತ್ರ ಸಲ್ಲುತ್ತದೆ.

ಬಗೆಗಳು

ಧಾರಕತೆಯ ಮೂಲಕ ಬರುವುದು ಎಲ್ಲಕ್ಕಿಂತ ಸಾಮಾನ್ಯ. ಮೇಲೆ ವಿವರಿಸಿದ್ದು ಅದನ್ನೇ. ಲೋಹದ ಪೈಪು ಅಥವಾ ಕೇಬಲ್ಲಿನ ಲೋಹದ ಕವಚ ಅರ್ತಿಗೆ ಸೇರಿದ್ದರೆ ತೇಲುವ ತಂತಿಯ ಅರ್ತ್ ಬದಿಯ ಧಾರಕತೆ ಬೆಳೆದು ಹುಸಿ ವೋಲ್ಟೇಜ್ ತಗ್ಗುತ್ತದೆ. ನಮ್ಮ ಮನೆಗಳಲ್ಲಿ ರೂಢಿಯಾಗಿರುವ ಪಿವಿಸಿ ಪೈಪಿಗೆ ಆ ಗುಣವಿಲ್ಲ. ಮೂರು ಫೇಸಿನ ಕೇಬಲ್ಲಿನಲ್ಲಿ ಸತ್ತ ತಂತಿ ಮೂರೂ ಫೇಸುಗಳಿಗೆ ಸಮದೂರದಲ್ಲಿದ್ದರೆ ಅವುಗಳ ಪ್ರಭಾವ ಪರಸ್ಪರ ವಜಾ ಆಗಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಒಂದು ಫೇಸ್ ಹೋದ ಕೂಡಲೇ ಆ ಸಮತೋಲ ಕೆಟ್ಟು ಅಂಕಿ ಮೇಲೇಳುತ್ತದೆ.

ಕಾಂತಕ್ಷೇತ್ರದ ಮೂಲಕ ಪ್ರೇರಿತವಾಗುವುದು ಎರಡನೆಯ ಬಗೆ. ಹುಸಿ ವೋಲ್ಟೇಜನ್ನೆಲ್ಲ ‘ಇಂಡಕ್ಷನ್’ ಎಂದು ಕರೆಯುವ ರೂಢಿ ಇದ್ದರೂ ಮನೆ ವೈರಿಂಗಿನಲ್ಲಿ ಇದರ ಪಾಲು ನಗಣ್ಯ. ಹತ್ತು ಆಂಪ್ ಹರಿಯುವ ತಂತಿಯ ಪಕ್ಕ 20 ಮೀಟರ್ ಓಡುವ ಕುಣಿಕೆಯಲ್ಲಿ ಹುಟ್ಟುವುದು ಮಿಲಿವೋಲ್ಟುಗಳ ಮಟ್ಟದ್ದು. ಇನ್ನೊಂದು ಗುರುತೂ ಇದೆ: ಧಾರಕತೆಯ ಪರಿಣಾಮಕ್ಕೆ ಪಕ್ಕದ ತಂತಿಯಲ್ಲಿ ವೋಲ್ಟೇಜ್ ಇದ್ದರೆ ಸಾಕು, ಕರೆಂಟ್ ಹರಿಯಬೇಕಾಗಿಲ್ಲ. ಕಾಂತೀಯ ಪರಿಣಾಮಕ್ಕೆ ಕರೆಂಟ್ ಹರಿಯಲೇಬೇಕು. ಕಿಲೋಮೀಟರುಗಟ್ಟಲೆ ಜೊತೆಯಾಗಿ ಸಾಗುವ ಪ್ರಸರಣ ಮಾರ್ಗಗಳಲ್ಲಿ ಈ ಎರಡನೆಯ ಬಗೆ ಮಾರಕವಾಗುತ್ತದೆ.

ಸೋರಿಕೆಯಿಂದ ಬರುವ ಅಂಕಿಗಳು ಮೂರನೆಯವು. ಮಳೆಗಾಲದಲ್ಲಿ ನೀರು ಹೊಕ್ಕ ಜಂಕ್ಷನ್ ಬಾಕ್ಸು, ಹಳೆಯದಾಗಿ ಸೀಳಿದ ಇನ್ಸುಲೇಷನ್, ಧೂಳು ಮೆತ್ತಿದ ಟರ್ಮಿನಲ್‌ಗಳ ಮೂಲಕ ಫೇಸಿನಿಂದ ತೇಲುವ ತಂತಿಗೆ ಸಣ್ಣ ಪ್ರವಾಹ ಜಿನುಗುತ್ತದೆ. ಇದು ಇಂದು ಮೈಕ್ರೋಆಂಪಿನಲ್ಲಿದ್ದರೂ ನಾಳೆ ಹೆಚ್ಚಬಹುದಾದ ದೋಷ, ಹುಸಿಯೆಂದು ಬಿಡುವಂಥದ್ದಲ್ಲ. ಎಲೆಕ್ಟ್ರಾನಿಕ್ ಸ್ವಿಚ್ಚುಗಳೂ ಇದೇ ಸಾಲಿಗೆ ಸೇರುತ್ತವೆ. ಫ್ಯಾನ್ ರೆಗ್ಯುಲೇಟರ್, ಡಿಮ್ಮರ್, ಸ್ಮಾರ್ಟ್ ಸ್ವಿಚ್, ಇಂಡಿಕೇಟರ್ ದೀಪವಿರುವ ಸ್ವಿಚ್ ‘ಆಫ್’ ಆದಾಗಲೂ ಒಳಗಿನ ಟ್ರಯಾಕ್, ಕೆಪಾಸಿಟರ್ ಅಥವಾ ಪುಟ್ಟ ದೀಪದ ಮೂಲಕ ಸ್ವಲ್ಪ ಪ್ರವಾಹ ಬಿಡುತ್ತವೆ.

ಉಪಕರಣಗಳ ಲೋಹದ ಹೊದಿಕೆಯ ಮೇಲೆ ಕಾಣುವ ವೋಲ್ಟೇಜ್ ನಾಲ್ಕನೆಯದು. ಕಂಪ್ಯೂಟರ್ ಮುಂತಾದವುಗಳ ಪವರ್ ಸಪ್ಲೈಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಹೊದಿಕೆಗೆ ಸಮನಾದ ಸಣ್ಣ ಕೆಪಾಸಿಟರುಗಳನ್ನು ಕಟ್ಟಿರುತ್ತಾರೆ. ಸಾಕೆಟ್ಟಿನಲ್ಲಿ ಅರ್ತಿಂಗ್ ಇಲ್ಲದಿದ್ದರೆ ಹೊದಿಕೆ 115 ವೋಲ್ಟಿನ ಸುಮಾರಿಗೆ ತೇಲುತ್ತದೆ. ಬೆರಳಿನ ಹಿಂಬದಿ ಸವರಿದರೆ ಜುಮುಜುಮು ಎನ್ನುತ್ತದೆ. ಇಲ್ಲಿನ ಕೆಪಾಸಿಟರ್ ತಂತಿಗಳ ನಡುವೆ ತಾನಾಗಿ ಆದದ್ದಲ್ಲ, ಬೇಕೆಂದೇ ಇಟ್ಟದ್ದು. ಆದ್ದರಿಂದ ಪ್ರವಾಹವೂ ಹೆಚ್ಚು. ಅರ್ತಿಂಗ್ ಸರಿಪಡಿಸುವುದೊಂದೇ ಇದಕ್ಕೆ ಪರಿಹಾರ.

ಕಾಣಿಸಿಕೊಳ್ಳುವ ಕಡೆಗಳು

ಮೆಟ್ಟಿಲು ದೀಪದ ಟೂ-ವೇ ಸ್ವಿಚ್ಚಿನ ವೈರಿಂಗ್ ಇದಕ್ಕೆ ಹೇಳಿಮಾಡಿಸಿದ ಜಾಗ. ಎರಡು ಸ್ವಿಚ್ಚುಗಳ ನಡುವೆ ಓಡುವ ಜೋಡಿ ತಂತಿಗಳಲ್ಲಿ ಯಾವಾಗಲೂ ಒಂದು ಚಾಲೂ ಇರುತ್ತದೆ. ದೀಪ ಆರಿದಾಗ ಇನ್ನೊಂದು ದೀಪದ ಮೂಲಕ ನ್ಯೂಟ್ರಲಿಗೆ ಸೇರಿ ಸುಮ್ಮನಿರುತ್ತದೆ. ಆದರೆ ಬಲ್ಬ್ ಕಳಚಿದ್ದರೆ ಅದು ತೇಲತೊಡಗುತ್ತದೆ, ಮೀಟರಿನಲ್ಲಿ ದೊಡ್ಡ ಅಂಕಿ ಕಾಣುತ್ತದೆ. ಎಲ್‌ಇಡಿ ದೀಪಗಳು ಬಂದ ಮೇಲೆ ಇದೇ ಸಂಗತಿ ಮೀಟರಿಲ್ಲದವರ ಕಣ್ಣಿಗೂ ಬಿತ್ತು. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬ್ ಮಂಕಾಗಿ ಉರಿಯುವುದು ಅಥವಾ ಕೆಲವು ಕ್ಷಣಕ್ಕೊಮ್ಮೆ ಮಿನುಗುವುದು ಮೈಕ್ರೋಆಂಪಿನ ಈ ಪ್ರವಾಹದಿಂದಲೇ: ಅದು ಬಲ್ಬಿನೊಳಗಿನ ಕೆಪಾಸಿಟರನ್ನು ನಿಧಾನವಾಗಿ ತುಂಬುತ್ತದೆ, ತುಂಬಿದಾಗ ದೀಪ ಒಮ್ಮೆ ಮಿನುಗಿ ಆರುತ್ತದೆ. ದೀಪಕ್ಕೆ ಸಮಾಂತರವಾಗಿ ಎಸಿ ಮೇನ್ಸಿಗೆಂದೇ ತಯಾರಾದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಟ್ಟಿದರೆ, ಹಿಂದಿನ ಉದಾಹರಣೆಯ 115 ವೋಲ್ಟ್ ಎರಡು ಚಿಲ್ಲರೆ ವೋಲ್ಟಿಗೆ ಇಳಿಯುತ್ತದೆ. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿಗೆ ಹಾಕಿರುವ ತಪ್ಪು ವೈರಿಂಗಿನಲ್ಲೂ ಬಲ್ಬ್ ಹೀಗೆಯೇ ಮಿನುಗುವುದರಿಂದ ಮೊದಲು ಅದನ್ನು ನೋಡಬೇಕು. ಅಂಥ ಮನೆಯಲ್ಲಿ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಫೇಸ್ ಇದ್ದೇ ಇರುತ್ತದೆ.

ಕಾರ್ಖಾನೆಗಳಲ್ಲಿ ನೂರಾರು ಮೀಟರ್ ಉದ್ದದ ಕಂಟ್ರೋಲ್ ಕೇಬಲ್ಲುಗಳಿರುತ್ತವೆ. ಅಲ್ಲಿ ಸ್ವಿಚ್ ಬಿಟ್ಟ ಮೇಲೂ ಸಣ್ಣ ರಿಲೇ ಬಿಡುಗಡೆಯಾಗದೆ ಹಿಡಿದುಕೊಂಡೇ ಇರುವುದು, ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಇನ್‌ಪುಟ್ ‘ಆನ್’ ಎಂದೇ ತೋರುವುದು ಹಳೆಯ ತಲೆನೋವು. ಕಂಟ್ರೋಲಿಗೆ ಡಿಸಿ ಬಳಸುವುದು, ರಿಲೇಗೆ ಸಮಾಂತರವಾಗಿ ರೋಧ ಕಟ್ಟುವುದು, ಪವರ್ ಕೇಬಲ್ಲಿನಿಂದ ದೂರವಿಡುವುದು ಅಲ್ಲಿನ ಪರಿಹಾರಗಳು. ಮೋಟಾರಿನ ವೇಗ ಬದಲಿಸುವ ವಿಎಫ್‌ಡಿಯ ಕೇಬಲ್ ಪಕ್ಕದಲ್ಲಿದ್ದರೆ ಸಮಸ್ಯೆ ಬಿಗಡಾಯಿಸುತ್ತದೆ, ಏಕೆಂದರೆ ಆವರ್ತನ ಏರಿದಷ್ಟೂ ರಿಯಾಕ್ಟೆನ್ಸ್ ಇಳಿಯುತ್ತದೆ.

ಹುಸಿಯೆಂದು ತೋರುವ ನಿಜ ವೋಲ್ಟೇಜ್

ಅಂಕಿಯನ್ನು ನೋಡಿ ‘ಇದು ಹುಸಿ’ ಎಂದು ತೀರ್ಮಾನಿಸುವ ಹಾಗಿಲ್ಲ ಎಂಬುದಕ್ಕೆ ಕರ್ನಾಟಕದ ಹಳ್ಳಿಗಳಲ್ಲಿ ಪದೇಪದೇ ಆಗುವ ಒಂದು ಸಂದರ್ಭವೇ ಸಾಕು. ವಿತರಣಾ ಟ್ರಾನ್ಸ್‌ಫಾರ್ಮರಿನ 11 ಕಿಲೋವೋಲ್ಟ್ ಬದಿ ಡೆಲ್ಟಾ, ಮನೆಗಳ ಬದಿ ಸ್ಟಾರ್ ಜೋಡಣೆಯದು. 11 ಕಿಲೋವೋಲ್ಟಿನ ಒಂದು ಫ್ಯೂಸ್ ಹೋದರೆ ಒಂದು ಸುರುಳಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಉಳಿದೆರಡು ಸರಣಿಯಾಗಿ ಅರ್ಧರ್ಧ ಹಂಚಿಕೊಳ್ಳುತ್ತವೆ. ಮನೆಗಳ ಬದಿಯಲ್ಲಿ ಒಂದು ಫೇಸ್ 230 ವೋಲ್ಟ್, ಎರಡು ಫೇಸುಗಳು 115 ವೋಲ್ಟಿನ ಆಸುಪಾಸು ಬರುತ್ತವೆ. ಈ 115 ವೋಲ್ಟ್ ಟ್ರಾನ್ಸ್‌ಫಾರ್ಮರ್ ಕೊಡುತ್ತಿರುವ ನಿಜವಾದ ವೋಲ್ಟೇಜ್. ಫಿಲಮೆಂಟ್ ಬಲ್ಬ್ ಹಾಕಿದರೆ ಕೆಂಪಗೆ ಉರಿಯುತ್ತದೆ, ಮುಟ್ಟಿದರೆ ಸಾಯಿಸಬಲ್ಲದು. ಹುಸಿಯಾಗಿದ್ದರೆ ಅದೇ ಬಲ್ಬ್ ಉರಿಯುವುದೇ ಇಲ್ಲ.

ಮೂರು ಫೇಸಿನ ಪಂಪ್‌ಸೆಟ್ ಓಡುತ್ತಿರುವಾಗ ಒಂದು ಫೇಸ್ ಕಡಿದುಹೋದರೆ, ಕಡಿದ ಕಡೆಯ ಟರ್ಮಿನಲ್ಲಿನಲ್ಲೂ ಮೀಟರು ಹತ್ತಿರಹತ್ತಿರ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ತಿರುಗುತ್ತಿರುವ ಮೋಟಾರಿನ ಸುರುಳಿಯೇ ಅದನ್ನು ಹುಟ್ಟಿಸುತ್ತಿರುತ್ತದೆ. ಸ್ಟಾರ್ಟರಿನ ಮೂರೂ ಕಡೆ ವೋಲ್ಟೇಜ್ ಸರಿಯಾಗಿದೆ ಎಂದುಕೊಂಡು ಹೋದರೆ ಎರಡೇ ಫೇಸಿನಲ್ಲಿ ಓಡಿದ ಮೋಟಾರು ಬಿಸಿಯಾಗಿ ಸುಟ್ಟುಹೋಗುತ್ತದೆ. ಇಲ್ಲಿ ವೋಲ್ಟೇಜಿಗಿಂತ ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ತಂತಿಯ ಕರೆಂಟ್ ಅಳೆಯುವುದು ಮೇಲು.

ನ್ಯೂಟ್ರಲ್ ಕಡಿದ ಮನೆಯಲ್ಲಿ ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತದೆ. ಫ್ರಿಜ್ಜು, ಟಿವಿಗಳ ಮೂಲಕ ಫೇಸ್ ನ್ಯೂಟ್ರಲ್ ತಂತಿಗೆ ಹಾದುಬಂದಿರುತ್ತದೆ, ಇದು ಬ್ಯಾಕ್‌ಫೀಡ್. ಎಲ್ಲ ಉಪಕರಣಗಳ ಪ್ಲಗ್ ಕಿತ್ತ ಮೇಲೆ ಅದೇ ನ್ಯೂಟ್ರಲ್ ತೇಲುವ ತಂತಿಯಾಗಿ, ಉಳಿಯುವ ಅಂಕಿ ಹುಸಿಯಾಗುತ್ತದೆ. ಮೇನ್ ಸ್ವಿಚ್ ಇಳಿಸಿದರೂ ಮನೆಯ ಯುಪಿಎಸ್ ತನ್ನ ಸರ್ಕ್ಯೂಟಿಗೆ 230 ವೋಲ್ಟ್ ಕೊಡುತ್ತಲೇ ಇರುತ್ತದೆ ಎಂಬುದನ್ನೂ ಇದೇ ಪಟ್ಟಿಗೆ ಸೇರಿಸಬೇಕು.

ಪತ್ತೆ ಮಾಡುವ ಕ್ರಮ

ನಿಜ ಮತ್ತು ಹುಸಿಯನ್ನು ಬೇರ್ಪಡಿಸುವ ಎಲ್ಲ ವಿಧಾನಗಳೂ ಒಂದೇ ತತ್ತ್ವದವು: ತಂತಿಗೆ ಸಣ್ಣ ಹೊರೆ ಹಾಕಿ ವೋಲ್ಟೇಜ್ ನಿಲ್ಲುತ್ತದೆಯೇ ಎಂದು ನೋಡುವುದು.

ಹೋಲ್ಡರಿಗೆ ಎರಡು ತಂತಿ ಕಟ್ಟಿ ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪ್ ಅತಿ ಹಳೆಯ ಸಾಧನ. ‘ಜೀರೋ ಕ್ಯಾಂಡಲ್’ ಎಂದು ಕರೆಯುವ ಫಿಲಮೆಂಟ್ ಬಲ್ಬ್ ವಾಸ್ತವದಲ್ಲಿ 15 ವ್ಯಾಟಿನ ಆಸುಪಾಸಿನದು; ಉರಿಯುವಾಗ ಅದರ ರೋಧ ಸುಮಾರು 3.5 ಕಿಲೋಓಮ್, ತಣ್ಣಗಿರುವಾಗ ಇನ್ನೂ ಬಹಳ ಕಡಿಮೆ. ಮೈಕ್ರೋಆಂಪಿನ ಮೂಲವೊಂದು ಇದರ ಮುಂದೆ ನಿಲ್ಲಲಾರದು. ಬಲ್ಬ್ ಉರಿಯದಿದ್ದರೂ ಅದನ್ನು ಹಚ್ಚಿದ ಸ್ಥಿತಿಯಲ್ಲೇ ಮೀಟರಿನಲ್ಲಿ ಅಳೆದು, ಅಂಕಿ ಸೊನ್ನೆಯ ಹತ್ತಿರಕ್ಕೆ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಎರಡು ಫೇಸುಗಳ ನಡುವಣ 400 ವೋಲ್ಟಿಗೆ ಒಂಟಿ ಬಲ್ಬ್ ಹಚ್ಚಿದರೆ ಸಿಡಿಯಬಹುದು. ಬಯಲಾದ ತುದಿಗಳು, ಫ್ಯೂಸ್ ಇಲ್ಲದ ತಂತಿಗಳ ಕಾರಣದಿಂದ ಮನೆಯಲ್ಲೇ ಕಟ್ಟಿದ ಟೆಸ್ಟ್ ಲ್ಯಾಂಪನ್ನು ಇಂದಿನ ಸುರಕ್ಷತಾ ಪದ್ಧತಿ ಒಪ್ಪುವುದಿಲ್ಲ.

ಅದರ ಜಾಗಕ್ಕೆ ಬಂದದ್ದು ಕಡಿಮೆ ಒಳರೋಧದ ಅಳತೆ. ಕೆಲವು ಮಲ್ಟಿಮೀಟರುಗಳಲ್ಲಿ ‘ಲೋ-ಜಡ್’ ಎಂಬ ಸ್ಥಾನವಿರುತ್ತದೆ. ಅಲ್ಲಿ ಒಳರೋಧ ಸುಮಾರು 3 ಕಿಲೋಓಮ್. ನಿಜವಾದ 230 ವೋಲ್ಟ್ ಇದ್ದರೆ ಮೀಟರಿನೊಳಗೆ 77 ಮಿಲಿಆಂಪ್ ಹರಿದು ಸುಮಾರು 18 ವ್ಯಾಟ್ ಶಾಖವಾಗುತ್ತದೆ. ಆದ್ದರಿಂದ ಕೆಲವೇ ಕ್ಷಣ ಅಳೆಯಬೇಕು. ಅನೇಕ ಮೀಟರುಗಳಲ್ಲಿ ಬಿಸಿಯಾದಂತೆ ರೋಧ ತಾನೇ ಏರುವ ಏರ್ಪಾಡಿದೆ. ಫೇಸ್ ಮತ್ತು ಅರ್ತ್ ನಡುವೆ ಹೀಗೆ ಅಳೆದರೆ ಸೋರಿಕೆ ಕಂಡರೆ ಸರ್ಕ್ಯೂಟ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಬೀಳುತ್ತದೆ. ಅದು ದೋಷವಲ್ಲ, ಫೇಸಿನಲ್ಲಿ ನಿಜವಾದ ಬಲವಿದೆ ಎಂಬುದಕ್ಕೆ ಸಾಕ್ಷಿ. ಎಲೆಕ್ಟ್ರಾನಿಕ್ ಬೋರ್ಡುಗಳ ಮೇಲೆ ಈ ಸ್ಥಾನವನ್ನು ಬಳಸಬಾರದು. ಎರಡು ಕಡ್ಡಿಗಳ ವೋಲ್ಟೇಜ್ ಡಿಟೆಕ್ಟರುಗಳು ಇನ್ನೊಂದು ಆಯ್ಕೆ. ಇವಕ್ಕೆ ಐಇಸಿ 61243-3 ಎಂಬ ಅಂತರರಾಷ್ಟ್ರೀಯ ಮಾನಕವಿದ್ದು, ಕೆಲವು ಮಾದರಿಗಳಲ್ಲಿ ಗುಂಡಿ ಒತ್ತಿದಾಗ ಹೆಚ್ಚಿನ ಹೊರೆ ಸೇರಿಕೊಳ್ಳುತ್ತದೆ.

ಪ್ರತಿಯೊಬ್ಬರ ಜೇಬಿನಲ್ಲಿರುವ ನಿಯಾನ್ ಟೆಸ್ಟರ್ ಈ ಕೆಲಸಕ್ಕೆ ಬಾರದು. ಅದರೊಳಗಿನ ದೊಡ್ಡ ರೋಧದ ಮೂಲಕ ಮೈಕ್ರೋಆಂಪುಗಳಷ್ಟೇ ಹರಿಯುವುದರಿಂದ ಹುಸಿ ವೋಲ್ಟೇಜಿಗೂ ಅದು ಮಂಕಾಗಿ ಉರಿಯಬಹುದು. ರಬ್ಬರ್ ಚಪ್ಪಲಿ ಹಾಕಿ ಮರದ ಸ್ಟೂಲಿನ ಮೇಲೆ ನಿಂತಾಗ, ಅಥವಾ ಹಗಲ ಬೆಳಕಿನಲ್ಲಿ, ನಿಜವಾದ ಫೇಸಿಗೂ ಉರಿದದ್ದು ಕಾಣದೆ ಹೋಗಬಹುದು. ತಂತಿಯ ಹತ್ತಿರ ಹಿಡಿದರೆ ಕೂಗುವ ಪೆನ್ನಿನಾಕಾರದ ಟೆಸ್ಟರಿಗೂ ಹುಸಿ-ನಿಜಗಳ ಭೇದ ತಿಳಿಯದು.

ಯಾವ ಸಾಧನವಾದರೂ ಮೊದಲು ಚಾಲೂ ಇರುವುದು ಖಚಿತವಿರುವ ಜಾಗದಲ್ಲಿ ಪರೀಕ್ಷಿಸಿ, ಆಮೇಲೆ ಬಿಡಿಸಿದ ತಂತಿಯನ್ನು ಅಳೆದು, ಮತ್ತೆ ಚಾಲೂ ಜಾಗದಲ್ಲಿ ಪರೀಕ್ಷಿಸುವುದು ಒಪ್ಪಿತ ಕ್ರಮ. ನಡುವೆ ಮೀಟರಿನ ಪ್ರೋಬ್ ಕಡಿದುಹೋಗಿದ್ದರೆ ಮೂರನೆಯ ಹೆಜ್ಜೆಯಲ್ಲಿ ಗೊತ್ತಾಗುತ್ತದೆ. ಸೊನ್ನೆ ತೋರಿಸಿದ್ದಕ್ಕೆಲ್ಲ ‘ಕರೆಂಟ್ ಇಲ್ಲ’ ಎಂದರ್ಥವಲ್ಲ. ಹುಸಿ ವೋಲ್ಟೇಜಿನ ಅಭ್ಯಾಸವಾಗಿ ಎಲ್ಲ ಅಂಕಿಗಳನ್ನೂ ತಳ್ಳಿಹಾಕುವವರಿಗೆ ಇದು ಹೆಚ್ಚು ಅನ್ವಯಿಸುತ್ತದೆ.

ಹೆಚ್ಚಿನ ವೋಲ್ಟೇಜಿನ ಮಾರ್ಗಗಳು

ಒಂದೇ ಗೋಪುರದ ಎರಡು ಬದಿಗೆ ಎರಡು ಸರ್ಕ್ಯೂಟ್ ಹೊತ್ತ 220 ಕಿಲೋವೋಲ್ಟ್ ಮಾರ್ಗದಲ್ಲಿ ಒಂದನ್ನು ಬಂದ್ ಮಾಡಿದರೆ, ಅದರ ಮೇಲೆ ಪಕ್ಕದ ಸರ್ಕ್ಯೂಟಿನಿಂದ ಸಾವಿರಾರು ವೋಲ್ಟ್ ಏರುತ್ತದೆ. ತತ್ತ್ವ ಮನೆಯ ಪೈಪಿನಲ್ಲಿದ್ದದ್ದೇ, ಅಳತೆ ಮಾತ್ರ ಬೇರೆ. ಇಲ್ಲಿ ಬರುವ ಪ್ರವಾಹ ಕೊಲ್ಲುವಷ್ಟಿರುತ್ತದೆ. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಮಾರ್ಗಗಳಲ್ಲಾಗಲಿ, ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗಳ 11 ಕಿಲೋವೋಲ್ಟ್ ಮಾರ್ಗಗಳಲ್ಲಾಗಲಿ ಮಾರ್ಗ ಬಂದ್ ಆಗಿದೆಯೆಂಬ ಅನುಮತಿ (ಲೈನ್ ಕ್ಲಿಯರ್) ಪಡೆದ ಮೇಲೂ ಡಿಸ್ಚಾರ್ಜ್ ರಾಡ್ ಹಾಕಿ ತಂತಿಗಳನ್ನು ಅರ್ತಿಗೆ ಸೇರಿಸಿದ ನಂತರವೇ ಕಂಬ ಹತ್ತಬೇಕೆಂಬ ನಿಯಮದ ಒಂದು ಕಾರಣ ಇದು. ಯಾರದೋ ಜನರೇಟರಿನಿಂದ ಬರಬಹುದಾದ ಬ್ಯಾಕ್‌ಫೀಡ್ ಇನ್ನೊಂದು ಕಾರಣ. ನೆಲದಡಿಯ ಕೇಬಲ್ಲು ಬಂದ್ ಮಾಡಿದ ಮೇಲೂ, ಇನ್ಸುಲೇಷನ್ ಅಳೆಯುವ ಮೆಗ್ಗರ್ ಪರೀಕ್ಷೆಯ ನಂತರವೂ ಆವೇಶವನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಪ್ರೇರಿತ ವೋಲ್ಟೇಜಲ್ಲ, ಸಂಗ್ರಹವಾದ ಶಕ್ತಿ. ಇವಕ್ಕೆ ಹುಸಿ ವೋಲ್ಟೇಜ್ ಎಂಬ ಹೆಸರನ್ನು ಬಳಸಬಾರದು.

ಉಪಯೋಗಗಳು

ತಂತಿಗೆ ತಾಕದೆ ಫೇಸ್ ಪತ್ತೆ ಮಾಡುವ ಪೆನ್ ಟೆಸ್ಟರ್ ಕೆಲಸ ಮಾಡುವುದು ಇದೇ ಧಾರಕತೆಯಿಂದ. ಉಪಕೇಂದ್ರಗಳ ಸ್ವಿಚ್‌ಗೇರ್ ಮುಂಭಾಗದಲ್ಲಿ ಒಳಗೆ ವೋಲ್ಟೇಜ್ ಇದೆಯೆಂದು ಸೂಚಿಸುವ ಪುಟ್ಟ ದೀಪಗಳೂ ಕೆಪಾಸಿಟರ್ ಮೂಲಕವೇ ಉರಿಯುತ್ತವೆ. ಗೋಡೆಯೊಳಗಿನ ತಂತಿಯ ಜಾಡು ಹಿಡಿಯಲು ತಂತಿಯೊಂದಕ್ಕೆ ಸಂಜ್ಞೆ ಕೊಟ್ಟು ಹೊರಗಿನಿಂದ ಕೇಳುವ ಉಪಕರಣಗಳಿವೆ. ತಂತಿ ಎಲ್ಲಿ ಕಡಿದಿದೆ ಎಂದು ಊಹಿಸಲೂ ಹುಸಿ ಅಂಕಿ ನೆರವಾಗುತ್ತದೆ: ಸ್ವಿಚ್ ಹಾಕಿದಾಗ ಪೂರ್ತಿ 230 ವೋಲ್ಟ್ ಬರಬೇಕಾದ ಕಡೆ 80 ಬಂದು, ಹೊರೆ ಹಾಕಿದೊಡನೆ ಮಾಯವಾದರೆ, ನಡುವೆ ಎಲ್ಲೋ ತಂತಿ ಕಡಿದು ಈಚಿನ ಭಾಗ ತೇಲುತ್ತಿದೆ ಎಂದರ್ಥ.

ಇಂದಿನ ಸ್ಥಿತಿ

ಭಾರತದಲ್ಲಿ ವೈರಿಂಗಿಗೆ ಐಎಸ್ 732, ಅರ್ತಿಂಗಿಗೆ ಐಎಸ್ 3043 ಮಾನಕಗಳಿವೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದಿವೆ. ಲೋ-ಜಡ್ ಸೌಲಭ್ಯವಿರುವ ಮೀಟರುಗಳು ದುಬಾರಿ ಶ್ರೇಣಿಯಲ್ಲೇ ಹೆಚ್ಚು. ಅಂಗಡಿಯಲ್ಲಿ ಸಿಗುವ ಅಗ್ಗದ ಮೀಟರುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಬಹುಪಾಲು ಕೆಲಸಗಾರರು ಇಂದಿಗೂ ಡಿಜಿಟಲ್ ಮೀಟರು ಮತ್ತು ಟೆಸ್ಟ್ ಲ್ಯಾಂಪ್ ಎರಡನ್ನೂ ಜೊತೆಗಿಟ್ಟುಕೊಳ್ಳುತ್ತಾರೆ. ಈ ಜೋಡಿಯಲ್ಲಿ ಈಚೆಗೆ ಒಂದು ತೊಡಕು ಸೇರಿದೆ. ಫಿಲಮೆಂಟ್ ಬಲ್ಬುಗಳು ಅಪರೂಪವಾಗುತ್ತಿರುವಂತೆ ಟೆಸ್ಟ್ ಲ್ಯಾಂಪಿನ ಹೋಲ್ಡರಿಗೆ ಎಲ್‌ಇಡಿ ಬಲ್ಬ್ ಸೇರುತ್ತಿದೆ. ಎಲ್‌ಇಡಿ ಬಲ್ಬಿನ ಹೊರೆ ಹುಸಿ ವೋಲ್ಟೇಜನ್ನು ಕುಸಿಯುವಂತೆ ಮಾಡುವಷ್ಟಿರುವುದಿಲ್ಲ. ಅರ್ಧ ವ್ಯಾಟಿನ ಎಲ್‌ಇಡಿ ಜೀರೋ ಬಲ್ಬಂತೂ ತೇಲುವ ತಂತಿಯಲ್ಲೂ ಮಂಕಾಗಿ ಉರಿಯಬಲ್ಲದು. ಹಲವು ಎಲ್‌ಇಡಿ ಬಲ್ಬುಗಳು 115 ವೋಲ್ಟಿನಲ್ಲೂ ಪೂರ್ತಿ ಬೆಳಕು ಕೊಡುವುದರಿಂದ, ಒಂದು ಫೇಸ್ ಹೋದ ಟ್ರಾನ್ಸ್‌ಫಾರ್ಮರಿನ ಅರೆ ವೋಲ್ಟೇಜನ್ನೂ ಅವು ಮರೆಮಾಚುತ್ತವೆ. ಟೆಸ್ಟ್ ಲ್ಯಾಂಪಿಗೆ ಫಿಲಮೆಂಟ್ ಬಲ್ಬೇ ಬೇಕು. ಅದು ಸಿಗದಿದ್ದರೆ ಹೊರೆಯ ಗುಂಡಿಯಿರುವ ಡಿಟೆಕ್ಟರನ್ನು ಬಳಸಬೇಕು.